ಪೊಲೀಸ್ ರೇಡಿಯೋ ಗೂಢಲಿಪೀಕರಣ ಮತ್ತು ಸಾರ್ವಜನಿಕ ಆಲಿಕೆ

ಪೊಲೀಸರ ನಿಸ್ತಂತು ಮಾತುಕತೆಯನ್ನು ಇಲಾಖೆಯ ಸೆಟ್ಟುಗಳಲ್ಲದೆ ಬೇರೆ ಯಾವ ಸೆಟ್ಟೂ ಬಿಡಿಸಿಕೊಳ್ಳಲಾಗದಂತೆ ಸಂಕೇತಗಳಾಗಿ ಬದಲಿಸಿ ಕಳಿಸುವ ವ್ಯವಸ್ಥೆಗೆ ಪೊಲೀಸ್ ರೇಡಿಯೋ ಗೂಢಲಿಪೀಕರಣ ಅಥವಾ ಎನ್‌ಕ್ರಿಪ್ಷನ್ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪೊಲೀಸ್ ರೇಡಿಯೋ ಶುರುವಾದ ದಿನದಿಂದಲೂ ಜನ ಅದನ್ನು ಕೇಳುತ್ತ ಬಂದಿದ್ದಾರೆ. ಸ್ಕ್ಯಾನರ್ ಎಂಬ ಪುಟ್ಟ ಗ್ರಾಹಕಯಂತ್ರ ಅಲ್ಲಿನ ಪತ್ರಿಕಾ ಕಚೇರಿಗಳಲ್ಲೂ ಹವ್ಯಾಸಿಗಳ ಮನೆಗಳಲ್ಲೂ ಹಲವು ದಶಕ ಬಿಡುವಿಲ್ಲದೆ ಮಾತಾಡಿದೆ. 2010ರ ನಂತರ, ಅದರಲ್ಲೂ 2020ರಿಂದ ಈಚೆಗೆ, ದೊಡ್ಡ ನಗರಗಳ ಪೊಲೀಸ್ ಇಲಾಖೆಗಳು ಒಂದೊಂದಾಗಿ ತಮ್ಮ ವಾಹಿನಿಗಳನ್ನು ಎನ್‌ಕ್ರಿಪ್ಟ್ ಮಾಡತೊಡಗಿದವು. ಇದರಿಂದ ಸಿಬ್ಬಂದಿಯ ಸುರಕ್ಷತೆ, ನಾಗರಿಕರ ಖಾಸಗಿತನ, ಪತ್ರಿಕಾ ಸ್ವಾತಂತ್ರ್ಯ ಮತ್ತು ಪೊಲೀಸರ ಉತ್ತರದಾಯಿತ್ವ ಈ ನಾಲ್ಕನ್ನೂ ಮುಟ್ಟುವ ಚರ್ಚೆ ಹುಟ್ಟಿಕೊಂಡಿದೆ. ಈ ಲೇಖನ ಮುಖ್ಯವಾಗಿ ಅಮೆರಿಕದ ಅನುಭವವನ್ನು ಪರಿಶೀಲಿಸಿ, ಬ್ರಿಟನ್, ಜಪಾನ್ ಮತ್ತು ಭಾರತದ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತದೆ.

ಹುಟ್ಟು, ಬೆಳವಣಿಗೆ

ಗಸ್ತಿನ ಕಾರಿಗೆ ರೇಡಿಯೋ ಕೂರಿಸುವ ಪ್ರಯತ್ನ ಪಟ್ಟುಹಿಡಿದು ನಡೆದ ಊರು ಡೆಟ್ರಾಯಿಟ್. ಅಲ್ಲಿನ ಪೊಲೀಸರು 1922ರಲ್ಲಿ ಕೆಒಪಿ ಎಂಬ ಕರೆಸಂಕೇತದ ಕೇಂದ್ರ ತೆರೆದರು. ಮನರಂಜನೆಯನ್ನೂ ಬಿತ್ತರಿಸಬೇಕೆಂಬ ಷರತ್ತು ಲೈಸೆನ್ಸಿನಲ್ಲಿ ಇದ್ದುದರಿಂದ ಸಂಗೀತದ ನಡುವೆ ಪೊಲೀಸ್ ಪ್ರಕಟಣೆಗಳನ್ನು ಓದಬೇಕಾಯಿತು. ಓಡುವ ಕಾರಿನಲ್ಲಿ ಸದ್ದು ಸರಿಯಾಗಿ ಹಿಡಿಯುವ ಗ್ರಾಹಕವನ್ನು ರೂಪಿಸಲು ವರ್ಷಗಳೇ ಹಿಡಿದವು. ಕೊನೆಗೆ 1928ರ ಏಪ್ರಿಲ್ 7ರಂದು ಏಕಮುಖ ವ್ಯವಸ್ಥೆ ನಿಯತವಾಗಿ ಕೆಲಸ ಆರಂಭಿಸಿತು. ಕೇಂದ್ರ ಹೇಳಿದ್ದು ಕಾರಿನಲ್ಲಿದ್ದವರಿಗೆ ಕೇಳುತ್ತಿತ್ತು. ಉತ್ತರ ಕೊಡಲು ಅವರು ರಸ್ತೆಬದಿಯ ಟೆಲಿಫೋನ್ ಹುಡುಕಬೇಕಿತ್ತು. 1933ರಲ್ಲಿ ನ್ಯೂಜರ್ಸಿಯ ಬೇಯೋನ್ ಪಟ್ಟಣ ದ್ವಿಮುಖ ರೇಡಿಯೋ ತಂದಿತು. 1940ರಲ್ಲಿ ಎಂಜಿನಿಯರ್ ಡೇನಿಯಲ್ ನೋಬಲ್ ವಿನ್ಯಾಸದ ದ್ವಿಮುಖ ಎಫ್‌ಎಂ ವ್ಯವಸ್ಥೆಯನ್ನು ಕನೆಕ್ಟಿಕಟ್ ರಾಜ್ಯ ಪೊಲೀಸರು ರಾಜ್ಯದುದ್ದಕ್ಕೂ ಅಳವಡಿಸಿಕೊಂಡರು.

ಆರಂಭದ ಪೊಲೀಸ್ ಕೇಂದ್ರಗಳ ಕಂಪನಾಂಕ ಸಾಮಾನ್ಯ ಪ್ರಸಾರದ ಪಟ್ಟಿಗೆ ಅಂಟಿಕೊಂಡೇ ಇತ್ತು. ಮನೆಯ ರೇಡಿಯೋದ ಮುಳ್ಳನ್ನು ಕೊನೆಯವರೆಗೆ ತಿರುಗಿಸಿದರೆ ಪೊಲೀಸರ ಕರೆ ಕೇಳುತ್ತಿತ್ತು. ಸಂಜೆ ಊಟದ ನಂತರ ಅದನ್ನು ಕೇಳುವುದು 1930ರ ದಶಕದಲ್ಲಿ ಅನೇಕ ಕುಟುಂಬಗಳ ವಾಡಿಕೆಯಾಗಿತ್ತು. ನ್ಯೂಯಾರ್ಕಿನ ಛಾಯಾಗ್ರಾಹಕ ಆರ್ಥರ್ ಫೆಲಿಗ್ 1938ರಲ್ಲಿ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೋ ಇಟ್ಟುಕೊಳ್ಳಲು ಅನುಮತಿ ಪಡೆದ. ವೀಜೀ ಎಂಬ ಹೆಸರಿನಿಂದ ಪ್ರಸಿದ್ಧನಾದ ಈತ ಕರೆ ಕೇಳಿದೊಡನೆ ಸ್ಥಳಕ್ಕೆ ಧಾವಿಸಿ ತೆಗೆದ ಚಿತ್ರಗಳು 1945ರಲ್ಲಿ ‘ನೇಕೆಡ್ ಸಿಟಿ’ ಎಂಬ ಪುಸ್ತಕವಾಗಿ ಬಂದವು. ಅಪರಾಧ ಸುದ್ದಿಯ ಛಾಯಾಗ್ರಹಣಕ್ಕೆ ಪೊಲೀಸ್ ರೇಡಿಯೋ ಹೇಗೆ ಆಧಾರವಾಯಿತೆಂಬುದಕ್ಕೆ ಅವನ ವೃತ್ತಿಜೀವನವೇ ಸಾಕ್ಷಿ.

ರೇಡಿಯೋದಲ್ಲಿ ಮಾತು ಚಿಕ್ಕದಾಗಿರಲೆಂದು ಅದೇ ಕಾಲದಲ್ಲಿ ಹತ್ತರ ಸಂಕೇತಗಳು ಬಂದವು. ‘ಟೆನ್-ಫೋರ್’ ಎಂದರೆ ಸಂದೇಶ ತಲುಪಿತು ಎಂದು ಅರ್ಥ. ಸಮಯ ಉಳಿಸುವುದು ಇವುಗಳ ಉದ್ದೇಶವಾಗಿತ್ತು. ಗುಟ್ಟು ಕಾಯುವ ಶಕ್ತಿ ಅವಕ್ಕೆ ಇರಲಿಲ್ಲ, ಏಕೆಂದರೆ ಆ ಪಟ್ಟಿ ನಿತ್ಯ ಕೇಳುವವರಿಗೆಲ್ಲ ಬಾಯಿಪಾಠವಾಗಿತ್ತು.

ಸ್ಕ್ಯಾನರ್ ಕೆಲಸ ಮಾಡುವ ಬಗೆ

ಸ್ಕ್ಯಾನರ್ ಕೇಳಿಸಿಕೊಳ್ಳುವ ಯಂತ್ರ ಮಾತ್ರ, ಅದರಿಂದ ಮಾತು ಕಳಿಸಲಾಗದು. ಮೊದಲೇ ತುಂಬಿಟ್ಟ ಕಂಪನಾಂಕಗಳನ್ನು ಅದು ಒಂದಾದ ಮೇಲೊಂದರಂತೆ ಬೇಗ ಬೇಗ ಪರೀಕ್ಷಿಸುತ್ತದೆ, ಎಲ್ಲಿ ಮಾತು ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮುಂದೆ ಹೋಗುತ್ತದೆ. ಮೊದಮೊದಲಿನ ಯಂತ್ರಗಳಲ್ಲಿ ಪ್ರತಿ ಕಂಪನಾಂಕಕ್ಕೂ ಬೇರೆ ಬೇರೆ ಸ್ಫಟಿಕದ ತುಣುಕು ಹಾಕಬೇಕಿತ್ತು. 1970ರ ದಶಕದಲ್ಲಿ ಕೀಲಿಮಣೆಯಿಂದ ಸಂಖ್ಯೆ ಒತ್ತಿ ತುಂಬಿಸುವ ಮಾದರಿಗಳು ಬಂದ ಮೇಲೆ ಸ್ಕ್ಯಾನರ್ ಸಾಮಾನ್ಯರ ಕೈಗೆಟುಕಿತು.

ನಗರಗಳು ಬೆಳೆದಂತೆ ಒಂದು ಠಾಣೆಗೆ ಒಂದು ಕಂಪನಾಂಕ ಎಂಬ ಏರ್ಪಾಡು ಸಾಲದಾಯಿತು. ಅದರ ಜಾಗಕ್ಕೆ ಟ್ರಂಕಿಂಗ್ ಬಂದಿತು. ಬ್ಯಾಂಕಿನಲ್ಲಿ ಒಂದೇ ಸಾಲಿನಲ್ಲಿ ನಿಂತ ಗ್ರಾಹಕರು ಖಾಲಿಯಾದ ಯಾವ ಕೌಂಟರಿಗಾದರೂ ಹೋಗುವಂತೆ, ಇಲ್ಲಿ ಪ್ರತಿ ಮಾತೂ ಆ ಕ್ಷಣಕ್ಕೆ ಬಿಡುವಾಗಿರುವ ಕಂಪನಾಂಕವನ್ನು ಹಿಡಿಯುತ್ತದೆ. ಯಾರಿಗೆ ಯಾವುದು ಎಂದು ನಿಯಂತ್ರಣ ವಾಹಿನಿಯೊಂದು ಹಂಚಿಕೊಡುತ್ತದೆ. ಒಂದೇ ಕೆಲಸದಲ್ಲಿರುವವರ ಗುಂಪಿಗೆ ಟಾಕ್‌ಗ್ರೂಪ್ ಎಂದು ಹೆಸರು. ಸ್ಕ್ಯಾನರ್ ತಯಾರಕರು ನಿಯಂತ್ರಣ ವಾಹಿನಿಯನ್ನೇ ಓದಿ ಟಾಕ್‌ಗ್ರೂಪನ್ನು ಹಿಂಬಾಲಿಸುವ ಯಂತ್ರಗಳನ್ನು ತಂದರು. 2012ರ ಸುಮಾರಿಗೆ ಟಿವಿ ನೋಡಲು ಮಾಡಿದ್ದ ಅಗ್ಗದ ಯುಎಸ್‌ಬಿ ಡಾಂಗಲ್‌ಗಳು ಸಾಫ್ಟ್‌ವೇರ್ ರೇಡಿಯೋಗಳಾಗಿಯೂ ಕೆಲಸ ಮಾಡಬಲ್ಲವೆಂದು ತಿಳಿದಾಗ, ಲ್ಯಾಪ್‌ಟಾಪ್ ಇದ್ದವರೆಲ್ಲ ಸ್ಕ್ಯಾನರ್ ಮಾಡಿಕೊಳ್ಳಬಹುದಾಯಿತು. ಬ್ರಾಡ್‌ಕಾಸ್ಟಿಫೈನಂಥ ಅಂತರ್ಜಾಲ ಸೇವೆಗಳಲ್ಲಿ ಸ್ವಯಂಸೇವಕರು ತಮ್ಮೂರಿನ ಸ್ಕ್ಯಾನರಿನ ಧ್ವನಿಯನ್ನು ಹರಿಯಬಿಟ್ಟರು. ಅಲ್ಲಿಂದ ಮುಂದೆ ಕೇಳುಗ ಆ ಊರಿನವನೇ ಆಗಿರಬೇಕಿಲ್ಲ.

ಗೂಢಲಿಪೀಕರಣದ ತಂತ್ರ

ಅನಲಾಗ್ ಕಾಲದಲ್ಲೂ ಧ್ವನಿಯನ್ನು ತಿರುಚಿ ಕಳಿಸುವ ಉಪಾಯಗಳಿದ್ದವು. ಅವುಗಳಿಂದ ಮಾತು ಕೆಡುತ್ತಿತ್ತು, ದೂರವೂ ಕಡಿಮೆಯಾಗುತ್ತಿತ್ತು. ಧ್ವನಿ ಡಿಜಿಟಲ್ ಆದ ಮೇಲೆ ಕೆಲಸ ಸುಲಭವಾಯಿತು. ಅಮೆರಿಕದ ಸಾರ್ವಜನಿಕ ಸುರಕ್ಷಾ ಸಂವಹನ ಅಧಿಕಾರಿಗಳ ಸಂಘವಾದ ಆಪ್ಕೋ 1989ರಲ್ಲಿ ಪ್ರಾಜೆಕ್ಟ್ 25 ಎಂಬ ಡಿಜಿಟಲ್ ಮಾನಕದ ಕೆಲಸ ಶುರುಮಾಡಿತು. ಪಿ25 ಎಂದು ಕರೆಯುವ ಈ ಮಾನಕದ ಮೊದಲ ಹಂತದಲ್ಲಿ ಮಾತನ್ನು ಅಂಕಿಗಳಾಗಿಸಿ ಸೆಕೆಂಡಿಗೆ 9,600 ಬಿಟ್‌ಗಳ ವೇಗದಲ್ಲಿ 12.5 ಕಿಲೋಹರ್ಟ್ಸ್ ಅಗಲದ ವಾಹಿನಿಯಲ್ಲಿ ಕಳಿಸುತ್ತಾರೆ. ಎರಡನೆಯ ಹಂತದಲ್ಲಿ ಅದೇ ಅಗಲದಲ್ಲಿ ಎರಡು ಮಾತುಗಳು ಸರದಿಯ ಮೇಲೆ ಹೋಗುತ್ತವೆ. ಸಂಪರ್ಕ ಆಯೋಗವಾದ ಎಫ್‌ಸಿಸಿ 2013ರ ಜನವರಿ 1ರೊಳಗೆ ಹಳೆಯ 25 ಕಿಲೋಹರ್ಟ್ಸ್ ವಾಹಿನಿಗಳನ್ನು ಅರ್ಧಕ್ಕೆ ಇಳಿಸಬೇಕೆಂದು ಕಡ್ಡಾಯ ಮಾಡಿದ್ದು ಇಲಾಖೆಗಳು ಹೊಸ ಸೆಟ್ಟು ಕೊಳ್ಳಲು ಒಂದು ಕಾರಣವಾಯಿತು.

ಡಿಜಿಟಲ್ ಎಂದ ಮಾತ್ರಕ್ಕೆ ಗುಟ್ಟು ಎಂದಲ್ಲ. ಪಿ25 ಧ್ವನಿಯನ್ನು ಡಿಜಿಟಲ್ ಸ್ಕ್ಯಾನರ್ ಸರಾಗವಾಗಿ ಬಿಡಿಸುತ್ತದೆ. ಅದರ ಮೇಲೆ ಗೂಢಲಿಪಿಯ ಪದರ ಹಾಕಿದಾಗ ಮಾತ್ರ ಬಾಗಿಲು ಮುಚ್ಚುತ್ತದೆ. ಹಳೆಯ ಡಿಇಎಸ್ ವಿಧಾನದ ಬದಲು ಈಗ ಬಳಕೆಯಲ್ಲಿರುವುದು 256 ಬಿಟ್ ಕೀಲಿಯ ಎಇಎಸ್. ಕೀಲಿಯೆಂದರೆ ಉದ್ದನೆಯ ಒಂದು ರಹಸ್ಯ ಸಂಖ್ಯೆ. ತಂತ್ರಜ್ಞರು ಕೀ ಲೋಡರ್ ಎಂಬ ಕೈಯಂತ್ರವನ್ನು ಕೇಬಲ್ಲಿನಿಂದ ಪ್ರತಿ ಸೆಟ್ಟಿಗೂ ಜೋಡಿಸಿ ಅದನ್ನು ತುಂಬುತ್ತಾರೆ, ಇಲ್ಲವೇ ರೇಡಿಯೋ ಮೂಲಕವೇ ಕೀಲಿ ಬದಲಿಸುವ ವ್ಯವಸ್ಥೆ ಮಾಡುತ್ತಾರೆ. ಸಾವಿರಾರು ಸೆಟ್ಟುಗಳಿರುವ ಇಲಾಖೆಯಲ್ಲಿ ಒಂದು ಸೆಟ್ಟಿನ ಕೀಲಿ ಹಳೆಯದಾಗಿ ಉಳಿದರೂ ಅದನ್ನು ಹಿಡಿದ ಸಿಬ್ಬಂದಿಗೆ ಸಂಗಾತಿಗಳ ಮಾತು ತಿಳಿಯದೆ ಹೋಗುತ್ತದೆ. ಕೀಲಿಯ ನಿರ್ವಹಣೆಯೇ ಈ ವ್ಯವಸ್ಥೆಯ ಅತಿ ಕಷ್ಟದ ಭಾಗ.

ಕಾನೂನು

ಅಮೆರಿಕದ 1934ರ ಸಂಪರ್ಕ ಕಾಯ್ದೆ ಬೇರೆಯವರ ರೇಡಿಯೋ ಸಂದೇಶವನ್ನು ಹಿಡಿದು ಬಹಿರಂಗಪಡಿಸುವುದಕ್ಕೂ ಸ್ವಂತ ಲಾಭಕ್ಕೆ ಬಳಸುವುದಕ್ಕೂ ನಿರ್ಬಂಧ ಹಾಕಿತ್ತು. 1986ರ ವಿದ್ಯುನ್ಮಾನ ಸಂಪರ್ಕ ಖಾಸಗಿತನ ಕಾಯ್ದೆ ಈ ಚಿತ್ರವನ್ನು ಸ್ಪಷ್ಟಗೊಳಿಸಿತು. ಸಾರ್ವಜನಿಕರಿಗೆ ಸುಲಭವಾಗಿ ಸಿಗುವಂತಿರುವ ಸರ್ಕಾರಿ, ಪೊಲೀಸ್ ಮತ್ತು ಅಗ್ನಿಶಾಮಕ ಸಂವಹನವನ್ನು ಕೇಳುವುದು ಅಪರಾಧವಲ್ಲ. ಎನ್‌ಕ್ರಿಪ್ಟ್ ಆದದ್ದು ಸುಲಭವಾಗಿ ಸಿಗುವಂಥದ್ದಲ್ಲ. ಅದನ್ನು ಒಡೆದು ಕೇಳುವುದು ಅಪರಾಧ. ಅಂದರೆ ಕೇಳುವ ಹಕ್ಕು ಇರುವುದೋ ಇಲ್ಲವೋ ಎಂಬುದನ್ನು ಇಲಾಖೆ ಒತ್ತುವ ಒಂದು ಗುಂಡಿಯೇ ತೀರ್ಮಾನಿಸುತ್ತದೆ.

ರಾಜ್ಯಗಳ ಕಾನೂನು ಬೇರೆ ಬೇರೆ. ನ್ಯೂಯಾರ್ಕಿನ ವಾಹನ ಮತ್ತು ಸಂಚಾರ ಕಾನೂನಿನ 397ನೇ ಕಲಂ ಅನುಮತಿಯಿಲ್ಲದೆ ಕಾರಿನಲ್ಲಿ ಪೊಲೀಸ್ ರೇಡಿಯೋ ಗ್ರಾಹಕ ಇಡುವುದನ್ನು ತಡೆಯುತ್ತದೆ. ಅಪರಾಧ ಎಸಗುವಾಗ ಸ್ಕ್ಯಾನರ್ ಬಳಸಿದರೆ ಹೆಚ್ಚುವರಿ ಶಿಕ್ಷೆ ಕೊಡುವ ರಾಜ್ಯಗಳೂ ಇವೆ. ಮೊಬೈಲ್ ಫೋನಿನ ಮಾತುಕತೆಯನ್ನು ಹಿಡಿಯಬಲ್ಲ ಸ್ಕ್ಯಾನರುಗಳ ತಯಾರಿಕೆಯನ್ನು 1990ರ ದಶಕದಲ್ಲಿ ಕೇಂದ್ರ ಕಾನೂನಿನ ಮೂಲಕ ನಿಲ್ಲಿಸಲಾಯಿತು. ಪೊಲೀಸ್ ರೇಡಿಯೋ ಕೇಳುವುದು ಸಂವಿಧಾನ ಕೊಟ್ಟ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಲ್ಲ. ಆದರೆ 2001ರ ಬಾರ್ಟ್‌ನಿಕಿ ವಿರುದ್ಧ ವೋಪರ್ ಪ್ರಕರಣದಲ್ಲಿ, ಬೇರೆಯವರು ಅಕ್ರಮವಾಗಿ ಹಿಡಿದ ಮಾತು ಸಾರ್ವಜನಿಕ ಮಹತ್ವದ್ದಾಗಿದ್ದು, ಅದನ್ನು ಹಿಡಿಯುವುದರಲ್ಲಿ ಮಾಧ್ಯಮದ ಪಾತ್ರ ಇಲ್ಲದಿದ್ದರೆ ಪ್ರಕಟಣೆಗಾಗಿ ಶಿಕ್ಷಿಸಲಾಗದು ಎಂದು ಅದು ತೀರ್ಪಿತ್ತಿದೆ.

ಮುಚ್ಚಬೇಕೆನ್ನುವ ವಾದ

ಮುಖ್ಯ ಕಾರಣ ಎರಡು. ಮೊದಲನೆಯದು ಸಿಬ್ಬಂದಿಯ ಸುರಕ್ಷತೆ. ಮೊಬೈಲ್ ಆ್ಯಪಿನಲ್ಲೇ ಪೊಲೀಸ್ ವಾಹಿನಿ ಕೇಳುವಂತಾದ ಮೇಲೆ, ಮನೆಯೊಳಗೆ ಬಂದೂಕು ಹಿಡಿದು ಕೂತವನಿಗೂ ಹೊರಗಿನ ಪೊಲೀಸರು ಯಾವ ದಿಕ್ಕಿನಿಂದ ಬರುತ್ತಿದ್ದಾರೆಂದು ತಿಳಿಯಬಹುದು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಶಂಕಿತರಿಗಾಗಿ ಶೋಧ ನಡೆದಾಗ ಅಪಾರ ಸಂಖ್ಯೆಯ ಜನ ಸ್ಕ್ಯಾನರ್ ಕೇಳುತ್ತ, ಕೇಳಿದ್ದನ್ನು ಟ್ವಿಟರಿನಲ್ಲಿ ಬರೆಯುತ್ತಿದ್ದರು. ಶೋಧ ನಡೆಯುತ್ತಿರುವ ಮನೆಗಳ ಸ್ಥಳವನ್ನು ಬಿತ್ತರಿಸಬೇಡಿ ಎಂದು ಬಾಸ್ಟನ್ ಪೊಲೀಸರು ಬೇಡಿಕೊಳ್ಳಬೇಕಾಯಿತು. ಅದೇ ರಾತ್ರಿ ಇಬ್ಬರು ಶಂಕಿತರ ಹೆಸರು ಸ್ಕ್ಯಾನರಿನಲ್ಲಿ ಬಂತೆಂಬ ಸುಳ್ಳು ಹಬ್ಬಿ, ಸ್ಫೋಟಕ್ಕೆ ಸಂಬಂಧವೇ ಇಲ್ಲದವರ ಮೇಲೆ ಆರೋಪ ಬಂದಿತು. ಪರಿಶೀಲಿಸದ ಮಾತು ಎಷ್ಟು ಬೇಗ ಕೇಡು ಮಾಡಬಲ್ಲದೆಂಬುದಕ್ಕೆ ಈ ಪ್ರಸಂಗವನ್ನು ಈಗಲೂ ಉದಾಹರಿಸುತ್ತಾರೆ.

ಎರಡನೆಯದು ಖಾಸಗಿತನ. ಒಂದು ಸಾಧಾರಣ ವಾಹನ ತಪಾಸಣೆಯನ್ನೇ ನೋಡಬಹುದು. ಅಧಿಕಾರಿ ಮೊದಲು ತಾನಿರುವ ಜಾಗವನ್ನೂ ಕಾರಿನ ನಂಬರನ್ನೂ ಹೇಳುತ್ತಾನೆ. ಬಳಿಕ ಚಾಲಕನ ಲೈಸೆನ್ಸ್ ನೋಡಿ ಹೆಸರು, ಹುಟ್ಟಿದ ದಿನ, ಲೈಸೆನ್ಸಿನ ಸಂಖ್ಯೆ ಓದುತ್ತಾನೆ. ಕಂಟ್ರೋಲ್ ರೂಮಿನವರು ಕಂಪ್ಯೂಟರ್ ನೋಡಿ ಮನೆಯ ವಿಳಾಸ, ಬಾಕಿಯಿರುವ ವಾರಂಟು, ಹಳೆಯ ಪ್ರಕರಣಗಳನ್ನು ತಿಳಿಸುತ್ತಾರೆ. ತಪ್ಪೇ ಮಾಡದ ವ್ಯಕ್ತಿಯ ಗುರುತಿನ ಸಂಖ್ಯೆಗಳೆಲ್ಲ ಒಂದೆರಡು ನಿಮಿಷದಲ್ಲಿ ಗಾಳಿಗೆ ಬೀಳುತ್ತವೆ. ಮನೆಯೊಳಗಿನ ಹಿಂಸೆ, ಆತ್ಮಹತ್ಯೆಯ ಯತ್ನ, ಮಕ್ಕಳ ಮೇಲಿನ ದೌರ್ಜನ್ಯದ ಕರೆಗಳಲ್ಲಿ ಸಂತ್ರಸ್ತರ ವಿವರ ಹೀಗೆ ಹೊರಬರುವುದು ಇನ್ನೂ ನೋವಿನ ಸಂಗತಿ. ಈ ಆಕ್ಷೇಪಕ್ಕೆ ಎದುರು ಮಾತಿಲ್ಲ. ಇದನ್ನು ತಡೆಯಲು ಇಡೀ ವಾಹಿನಿಯನ್ನೇ ಮುಚ್ಚಬೇಕೇ ಎಂಬುದು ವಿವಾದದ ತಿರುಳು.

ತೆರೆದಿಡಬೇಕೆನ್ನುವ ವಾದ

ಅಮೆರಿಕದ ಸುದ್ದಿಮನೆಗಳಲ್ಲಿ ಬೆಂಕಿ, ಅಪಘಾತ, ಗುಂಡು ಹಾರಾಟದ ಮೊದಲ ಸುಳಿವು ಬರುವುದು ಸ್ಕ್ಯಾನರಿನಿಂದ. ವರದಿಗಾರ ಆ ಸುಳಿವನ್ನೇ ಸುದ್ದಿ ಮಾಡುವುದಿಲ್ಲ. ಸ್ಥಳಕ್ಕೆ ಹೋಗಿ ನೋಡಿ, ಸಾಕ್ಷಿಗಳನ್ನು ಕೇಳಿ ಬರೆಯುತ್ತಾನೆ. ವಾಹಿನಿ ಮುಚ್ಚಿದರೆ ಇಲಾಖೆ ಹೇಳಿದಾಗ ಮಾತ್ರ, ಹೇಳಿದಷ್ಟು ಮಾತ್ರ ತಿಳಿಯುತ್ತದೆ. ಪೊಲೀಸರೇ ಗುಂಡು ಹಾರಿಸಿದ ಪ್ರಕರಣಗಳಲ್ಲಿ ಈ ವ್ಯತ್ಯಾಸ ದೊಡ್ಡದು. ರಸ್ತೆ ತೊಳೆದು ಗುಂಪು ಚದುರಿದ ಮೇಲೆ ಬಂದವರಿಗೆ ಸಿಗುವುದು ಅಧಿಕೃತ ಹೇಳಿಕೆ ಒಂದೇ.

ಪೊಲೀಸ್ ಅಧಿಕಾರಿಯ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ 2020ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಪ್ರತಿಭಟನೆ ನಡೆದಾಗ, ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿ, ಗಾಡಿ ಹರಿಸಿ ಎಂಬ ಮಾತುಗಳು ಪೊಲೀಸ್ ವಾಹಿನಿಯಲ್ಲಿ ಕೇಳಿಬಂದವು. ಹವ್ಯಾಸಿಗಳು ಅದನ್ನು ಧ್ವನಿಮುದ್ರಿಸಿಕೊಂಡಿದ್ದರು. ಸುದ್ದಿಸಂಸ್ಥೆಗಳು ಅದರಿಂದಲೇ ಪ್ರಶ್ನೆ ಎತ್ತಿದವು. ಮುಚ್ಚಿದ ವಾಹಿನಿಯಲ್ಲಿ ಇಂಥ ಮಾತು ಹೊರಗೆ ಬರುವ ದಾರಿಯೇ ಇರುವುದಿಲ್ಲ. ಅದೇ ದಿನಗಳಲ್ಲಿ ಷಿಕಾಗೋದ ಪೊಲೀಸ್ ವಾಹಿನಿಗಳಿಗೆ ಹೊರಗಿನವರು ನುಗ್ಗಿ ಹಾಡು ಹಾಕಿ ಕೆಲಸಕ್ಕೆ ಅಡ್ಡಿಪಡಿಸಿದ್ದೂ ನಡೆಯಿತು. ಒಂದೇ ಬೇಸಿಗೆ ಎರಡೂ ಪಕ್ಷಕ್ಕೆ ಸಾಕ್ಷ್ಯ ಒದಗಿಸಿತು.

ಪತ್ರಕರ್ತರಲ್ಲದೆ ಬೇರೆ ಕೇಳುಗರೂ ಇದ್ದಾರೆ. ಕಾಳ್ಗಿಚ್ಚಿನ ಪ್ರದೇಶದ ನಿವಾಸಿಗಳು ಯಾವಾಗ ಮನೆ ಬಿಡಬೇಕೆಂದು ಸ್ಕ್ಯಾನರ್ ಕೇಳಿ ನಿರ್ಧರಿಸುತ್ತಾರೆ. ಕೆಟ್ಟುಹೋದ ಕಾರುಗಳನ್ನು ಎಳೆಯುವ ಟೋಯಿಂಗ್ ಕೆಲಸದವರು, ಪಕ್ಕದ ಊರಿನ ಸ್ವಯಂಸೇವಕ ಅಗ್ನಿಶಾಮಕರು, ನಿವೃತ್ತ ಪೊಲೀಸರು ಕೇಳುತ್ತಾರೆ. ಈ ಆಲಿಕೆಯನ್ನು ವ್ಯಾಪಾರವಾಗಿಸಿದವರೂ ಇದ್ದಾರೆ. 2016ರಲ್ಲಿ ನ್ಯೂಯಾರ್ಕಿನಲ್ಲಿ ‘ವಿಜಿಲಾಂಟೆ’ ಎಂದು ಶುರುವಾಗಿ 2017ರಲ್ಲಿ ‘ಸಿಟಿಜನ್’ ಎಂದು ಹೆಸರು ಬದಲಿಸಿಕೊಂಡ ಆ್ಯಪ್, ಸಿಬ್ಬಂದಿಯಿಂದ ಸ್ಕ್ಯಾನರ್ ಕೇಳಿಸಿ ಹತ್ತಿರದ ಘಟನೆಗಳ ಸೂಚನೆಯನ್ನು ಬಳಕೆದಾರರ ಫೋನಿಗೆ ಕಳಿಸುತ್ತದೆ. 2021ರ ಮೇನಲ್ಲಿ ಲಾಸ್ ಏಂಜಲೀಸಿನ ಕಾಳ್ಗಿಚ್ಚಿಗೆ ಕಾರಣನೆಂದು ಅಮಾಯಕನೊಬ್ಬನ ಚಿತ್ರವನ್ನು ಪ್ರಕಟಿಸಿ ಅವನ ಸುಳಿವಿಗೆ ಬಹುಮಾನ ಸಾರಿದ್ದರಿಂದ ಅದು ತೀವ್ರ ಟೀಕೆಗೆ ಗುರಿಯಾಯಿತು.

ನಗರಗಳ ಅನುಭವ

*ಡೆನ್ವರ್:* 2019ರ ಜುಲೈನಲ್ಲಿ ಇಲ್ಲಿನ ಪೊಲೀಸರು ಎಲ್ಲ ವಾಹಿನಿಗಳನ್ನೂ ಎನ್‌ಕ್ರಿಪ್ಟ್ ಮಾಡಿದರು. ಮಾಧ್ಯಮಗಳಿಗೆ ಸೆಟ್ಟು ಕೊಡುವ ಮಾತು ಬಂದರೂ ಇಲಾಖೆ ಮುಂದಿಟ್ಟ ಒಪ್ಪಂದದ ಷರತ್ತುಗಳನ್ನು ಸುದ್ದಿಸಂಸ್ಥೆಗಳು ಒಪ್ಪಲಿಲ್ಲ. 2021ರಲ್ಲಿ ಕೊಲರಾಡೋ ಶಾಸನಸಭೆ, ಪೂರ್ತಿ ಎನ್‌ಕ್ರಿಪ್ಟ್ ಮಾಡುವ ಇಲಾಖೆಗಳು ಮಾಧ್ಯಮಕ್ಕೆ ಪ್ರವೇಶ ಕೊಡುವ ನೀತಿಯನ್ನು ರೂಪಿಸಬೇಕೆಂದು ಕಾನೂನು ಮಾಡಿತು.

*ಕ್ಯಾಲಿಫೋರ್ನಿಯ:* 2020ರ ಅಕ್ಟೋಬರಿನಲ್ಲಿ ರಾಜ್ಯದ ನ್ಯಾಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಅಪರಾಧ ದಾಖಲೆಯಿಂದ ಪಡೆದ ಗುರುತಿನ ವಿವರಗಳನ್ನು ತೆರೆದ ವಾಹಿನಿಯಲ್ಲಿ ಹೇಳಕೂಡದು ಎಂಬುದು ಅದರ ಸಾರ. ಅದಕ್ಕೆ ಎರಡು ದಾರಿಗಳನ್ನು ಸುತ್ತೋಲೆಯೇ ತೋರಿಸಿತ್ತು: ವಾಹಿನಿಯನ್ನು ಎನ್‌ಕ್ರಿಪ್ಟ್ ಮಾಡುವುದು, ಇಲ್ಲವೇ ಅಂಥ ವಿವರವನ್ನು ರೇಡಿಯೋದಲ್ಲಿ ಹೇಳದಂತೆ ಕಾರ್ಯವಿಧಾನ ಬದಲಿಸುವುದು. ಅನೇಕ ಇಲಾಖೆಗಳು ಮೊದಲನೆಯದನ್ನು ಹಿಡಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಕ್ಕದಲ್ಲಿರುವ, ಸಿಲಿಕಾನ್ ಕಣಿವೆಯ ಕನ್ನಡಿಗರಿಗೆ ಚಿರಪರಿಚಿತವಾದ ಪಾಲೋ ಆಲ್ಟೋ 2021ರ ಜನವರಿಯಲ್ಲಿ ವಾಹಿನಿ ಮುಚ್ಚಿತು. ನಿವಾಸಿಗಳೂ ಸ್ಥಳೀಯ ಪತ್ರಿಕೆಗಳೂ ಬಿಡದೆ ಆಕ್ಷೇಪಿಸಿದರು. 2022ರಲ್ಲಿ ಹೊಸದಾಗಿ ಬಂದ ಪೊಲೀಸ್ ಮುಖ್ಯಸ್ಥ ಆ್ಯಂಡ್ರ್ಯೂ ಬೈಂಡರ್ ಎರಡನೆಯ ದಾರಿಯನ್ನು ಆರಿಸಿಕೊಂಡರು. ಗುರುತಿನ ವಿವರ ಬೇಕಾದಾಗ ಸಿಬ್ಬಂದಿ ಫೋನು, ಗಾಡಿಯ ಕಂಪ್ಯೂಟರು ಇಲ್ಲವೇ ಪ್ರತ್ಯೇಕ ವಾಹಿನಿ ಬಳಸುವಂತೆ ಮಾಡಿ, ಸೆಪ್ಟೆಂಬರಿನಲ್ಲಿ ಮುಖ್ಯ ವಾಹಿನಿಯನ್ನು ಮತ್ತೆ ತೆರೆದರು. ಇದನ್ನೇ ರಾಜ್ಯಕ್ಕೆಲ್ಲ ನಿಯಮವಾಗಿಸಲು ಸೆನೆಟರ್ ಜಾಷ್ ಬೆಕರ್ ತಂದ ಮಸೂದೆ 2022ರಲ್ಲಿ ಕೆಳಮನೆಯ ಸಮಿತಿಯಲ್ಲೇ ಉಳಿದುಹೋಯಿತು. ಮಸೂದೆ ಬಿದ್ದರೂ ಪಾಲೋ ಆಲ್ಟೋದ ಉದಾಹರಣೆ ನಿಂತಿದೆ. ಖಾಸಗಿತನ ಕಾಯಲು ವಾಹಿನಿ ಮುಚ್ಚುವುದೊಂದೇ ದಾರಿಯಲ್ಲ ಎಂಬುದನ್ನು ಒಂದು ಪೊಲೀಸ್ ಇಲಾಖೆಯೇ ಮಾಡಿ ತೋರಿಸಿದೆ.

*ಷಿಕಾಗೋ:* 2022ರಲ್ಲಿ ಹಂತಹಂತವಾಗಿ ಎನ್‌ಕ್ರಿಪ್ಟ್ ಮಾಡಿದ ಈ ನಗರ, ಸಾರ್ವಜನಿಕರಿಗೆ 30 ನಿಮಿಷ ತಡವಾಗಿ ಧ್ವನಿಯನ್ನು ಅಂತರ್ಜಾಲದಲ್ಲಿ ಒದಗಿಸುವ ವ್ಯವಸ್ಥೆ ಮಾಡಿತು. ಸಾಮೂಹಿಕ ಗುಂಡಿನ ದಾಳಿಯಂಥ ಸಂದರ್ಭದಲ್ಲಿ ಅರ್ಧ ಗಂಟೆ ಎಂದರೆ ಎಲ್ಲ ಮುಗಿದ ಮೇಲೆ ಎಂದರ್ಥ ಎಂದು ಅಲ್ಲಿನ ಸುದ್ದಿಸಂಸ್ಥೆಗಳು ವಿರೋಧಿಸಿದವು.

*ನ್ಯೂಯಾರ್ಕ್:* ದೇಶದ ಅತಿ ದೊಡ್ಡ ಪೊಲೀಸ್ ಇಲಾಖೆ 2023ರ ಜುಲೈನಲ್ಲಿ ಬ್ರೂಕ್ಲಿನ್ನಿನ ಉತ್ತರ ಭಾಗದ ಕೆಲವು ಠಾಣಾ ವ್ಯಾಪ್ತಿಗಳಿಂದ ಎನ್‌ಕ್ರಿಪ್ಷನ್ ಶುರುಮಾಡಿತು. ಹೊಸ ರೇಡಿಯೋ ವ್ಯವಸ್ಥೆಯ ವೆಚ್ಚ ಸುಮಾರು 39 ಕೋಟಿ ಡಾಲರ್ ಎಂದು ವರದಿಯಾಯಿತು. ವೀಜೀಯ ಕಾಲದಿಂದ ತೆರೆದಿದ್ದ ವಾಹಿನಿಗಳು ಮುಚ್ಚುತ್ತಿರುವುದನ್ನು ಕಂಡು, ಪತ್ರಕರ್ತರಿಗೂ ತುರ್ತು ಸೇವೆಯ ಸ್ವಯಂಸೇವಕರಿಗೂ ಪ್ರವೇಶ ಉಳಿಸುವ ಮಸೂದೆಯನ್ನು ರಾಜ್ಯ ಸೆನೆಟರ್ ಮೈಕಲ್ ಜನಾರಿಸ್ ಮಂಡಿಸಿದರು.

ತೊಡಕುಗಳು, ದೋಷಗಳು

ಎನ್‌ಕ್ರಿಪ್ಷನ್ ಹೊರಗಿನ ಕೇಳುಗನನ್ನು ತಡೆಯುವಂತೆಯೇ ಕೀಲಿಯಿಲ್ಲದ ನೆರೆಯ ಇಲಾಖೆಯನ್ನೂ ತಡೆಯುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ರೇಡಿಯೋಗಳ ನಡುವೆ ಸಂಪರ್ಕವಿಲ್ಲದಿದ್ದುದು ದೊಡ್ಡ ಲೋಪವಾಗಿತ್ತು. ಹೆಲಿಕಾಪ್ಟರಿನಲ್ಲಿದ್ದ ಪೊಲೀಸರು ಕೊಟ್ಟ ಎಚ್ಚರಿಕೆ ದಾಳಿಗೊಳಗಾದ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರದೊಳಗಿದ್ದ ಅಗ್ನಿಶಾಮಕರಿಗೆ ತಲುಪಲಿಲ್ಲ. ಅಂದು ಕಾರಣ ಎನ್‌ಕ್ರಿಪ್ಷನ್ ಅಲ್ಲದಿದ್ದರೂ, ಇಲಾಖೆಗಳು ಒಂದರ ಮಾತು ಒಂದು ಕೇಳಬೇಕೆಂಬ ಪಾಠ ಅಲ್ಲಿಂದ ಬಂದದ್ದು. 2015ರ ಜನವರಿ 12ರಂದು ವಾಷಿಂಗ್ಟನ್ ನಗರದ ಲಾನ್‌ಫಾನ್ ಪ್ಲಾಜಾ ಮೆಟ್ರೋ ನಿಲ್ದಾಣದ ಬಳಿ ಸುರಂಗದಲ್ಲಿ ಹೊಗೆ ತುಂಬಿ ಪ್ರಯಾಣಿಕರೊಬ್ಬರು ಸತ್ತರು. ಸುರಂಗದಲ್ಲಿ ಅಗ್ನಿಶಾಮಕರ ರೇಡಿಯೋ ಕೈಕೊಟ್ಟಿತ್ತು. ಇಲಾಖೆ ಅಷ್ಟರಲ್ಲಿ ಜಾರಿಗೆ ತಂದಿದ್ದ ಎನ್‌ಕ್ರಿಪ್ಷನ್ ಬಗ್ಗೆಯೂ ಆಗ ಪ್ರಶ್ನೆ ಎದ್ದಿತು.

ಮುಚ್ಚಿದ ವಾಹಿನಿ ನಿಜಕ್ಕೂ ಮುಚ್ಚಿರುತ್ತದೆಯೇ ಎಂಬುದನ್ನು ಕಂಪ್ಯೂಟರ್ ಭದ್ರತಾ ಸಂಶೋಧಕ ಮ್ಯಾಟ್ ಬ್ಲೇಜ್ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರು ಗಮನಿಸಿದ ಕೇಂದ್ರ ತನಿಖಾ ಸಂಸ್ಥೆಗಳ ಪಿ25 ವಾಹಿನಿಗಳಲ್ಲಿ ಸೂಕ್ಷ್ಮ ಮಾತುಕತೆ ಎಷ್ಟೋ ಸಲ ಎನ್‌ಕ್ರಿಪ್ಟ್ ಆಗದೆಯೇ ಹೊರಬರುತ್ತಿತ್ತು. ಕಾರಣ ಸೆಟ್ಟಿನ ತಲೆಯ ಮೇಲಿನ ಒಂದು ಚಿಕ್ಕ ಸ್ವಿಚ್ಚಿನಲ್ಲೂ ಇತ್ತು. ಅದರ ಒಂದು ಬದಿಗೆ ಸೊನ್ನೆ, ಇನ್ನೊಂದು ಬದಿಗೆ ಅಡ್ಡಗೆರೆ ಎಳೆದ ಸೊನ್ನೆ. ಅಡ್ಡಗೆರೆಯ ಸೊನ್ನೆಯೆಂದರೆ ಎನ್‌ಕ್ರಿಪ್ಟ್ ಆಗಿದೆ ಎಂದು ಅರ್ಥ. ಅವಸರದಲ್ಲಿ ಯಾರಿಗೂ ಅದು ನೆನಪಿರುವುದು ಕಷ್ಟ. ಒಬ್ಬ ತೆರೆದ ಸ್ಥಿತಿಯಲ್ಲೇ ಮಾತಾಡಿದರೂ ಉಳಿದವರ ಸೆಟ್ಟಿನಲ್ಲಿ ಅದು ಸರಿಯಾಗಿಯೇ ಕೇಳುವುದರಿಂದ ತಪ್ಪು ಗೊತ್ತಾಗುತ್ತಿರಲಿಲ್ಲ. ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ ಪಿ25 ಸಂಪರ್ಕವನ್ನು ಕೆಡಿಸಬಹುದೆಂದೂ ಅವರು ತೋರಿಸಿದರು.

ಇತರ ದೇಶಗಳು

ಯುರೋಪಿನಲ್ಲಿ ಪ್ರಶ್ನೆ ಹೆಚ್ಚಾಗಿ ಬಗೆಹರಿದು ಹೋಗಿದೆ, ಅದೂ ಜನರ ಆಲಿಕೆಗೆ ವಿರುದ್ಧವಾಗಿ. ಬ್ರಿಟನ್ನಿನಲ್ಲಿ ಅನುಮತಿಯಿಲ್ಲದೆ ಇಂಥ ಸಂದೇಶ ಕೇಳುವುದು 1949ರ ನಿಸ್ತಂತು ತಂತಿ ಕಾಯ್ದೆಯ ಕಾಲದಿಂದ ಅಪರಾಧ. ಈಗ 2006ರ ಕಾಯ್ದೆಯ 48ನೇ ಕಲಂ ಅದನ್ನು ಮುಂದುವರಿಸಿದೆ. ಟೆಟ್ರಾ ಎಂಬ ಡಿಜಿಟಲ್ ರೇಡಿಯೋ ಮಾನಕದ ಏರ್‌ವೇವ್ ಜಾಲ 2005ರ ಹೊತ್ತಿಗೆ ಅಲ್ಲಿನ ಪೊಲೀಸ್ ಪಡೆಗಳನ್ನೆಲ್ಲ ಎನ್‌ಕ್ರಿಪ್ಟ್ ಆದ ವ್ಯವಸ್ಥೆಗೆ ತಂದಿತು. ಟೆಟ್ರಾದ ಗೂಢಲಿಪಿ ವಿಧಾನಗಳನ್ನು ಮಾನಕ ಸಂಸ್ಥೆ ಎಟ್ಸಿ ದಶಕಗಳ ಕಾಲ ಗುಟ್ಟಾಗಿಟ್ಟಿತ್ತು. 2023ರಲ್ಲಿ ಡಚ್ ಸಂಶೋಧಕರ ತಂಡ ಮಿಡ್‌ನೈಟ್ ಬ್ಲೂ ಅವನ್ನು ಬಿಡಿಸಿ ನೋಡಿದಾಗ, ಟಿಇಎ1 ಎಂಬ ವಿಧಾನದ 80 ಬಿಟ್ ಕೀಲಿ ಒಳಗೊಳಗೇ 32 ಬಿಟ್‌ಗೆ ಇಳಿಯುವುದು ಪತ್ತೆಯಾಯಿತು. ಅಷ್ಟು ಚಿಕ್ಕ ಕೀಲಿಯನ್ನು ಸಾಧಾರಣ ಕಂಪ್ಯೂಟರ್ ಬೇಗ ಒಡೆಯುತ್ತದೆ. ಅದೇ ವರ್ಷ ಎಟ್ಸಿ ಈ ವಿಧಾನಗಳನ್ನು ಬಹಿರಂಗಪಡಿಸಲು ಒಪ್ಪಿತು.

ಜಪಾನಿನಲ್ಲಿ 1984ರಿಂದ ನಡೆದ ಗ್ಲಿಕೋ, ಮೊರಿನಾಗ ಎಂಬ ಮಿಠಾಯಿ ಕಂಪನಿಗಳಿಗೆ ಬೆದರಿಕೆ ಒಡ್ಡಿದ ಪ್ರಕರಣದಲ್ಲಿ ತಪ್ಪಿಸಿಕೊಂಡವರು ಬಿಟ್ಟುಹೋದ ಕಾರಿನಲ್ಲಿ ಪೊಲೀಸ್ ರೇಡಿಯೋ ಕೇಳುವ ಉಪಕರಣ ಸಿಕ್ಕಿತು. ಅಪರಾಧಿಗಳು ಕೇಳುತ್ತಾರೆಂಬ ಭಯಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ವಿರಳ. ಆ ದಶಕದಲ್ಲೇ ಜಪಾನ್ ತನ್ನ ಪೊಲೀಸ್ ರೇಡಿಯೋವನ್ನು ಡಿಜಿಟಲ್ ಗೂಢಲಿಪಿಗೆ ಬದಲಿಸತೊಡಗಿತು.

ಭಾರತ

ಭಾರತದಲ್ಲಿ ಜನ ಪೊಲೀಸ್ ವೈರ್‌ಲೆಸ್ ಕೇಳುವ ಪದ್ಧತಿ ಬೆಳೆಯಲೇ ಇಲ್ಲ. 1885ರ ತಂತಿ ಕಾಯ್ದೆ ಮತ್ತು 1933ರ ನಿಸ್ತಂತು ತಂತಿ ಕಾಯ್ದೆಗಳು ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದ್ದವು. ಅವುಗಳ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಅಕ್ರಮವಾಗಿ ಸಂದೇಶ ಹಿಡಿಯುವವರಿಗೆ 3 ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ರಾಜ್ಯಗಳ ನಡುವಿನ ಪೊಲೀಸ್ ನಿಸ್ತಂತು ಜಾಲವನ್ನು 1946ರಲ್ಲಿ ಸ್ಥಾಪನೆಯಾದ ಸಮನ್ವಯ ನಿರ್ದೇಶನಾಲಯ ನೋಡಿಕೊಳ್ಳುತ್ತದೆ. ಕರ್ನಾಟಕದಲ್ಲಿ ನಾಗರಿಕರ 112 ಕರೆ ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿಂದ ಬೆಂಗಳೂರಿನಲ್ಲಾದರೆ ಹೊಯ್ಸಳ ಗಾಡಿಗೆ ತಲುಪುತ್ತದೆ. ಈ ಮಾತುಕತೆ ಹೊರಗಿನವರ ಕಿವಿಗೆ ಬೀಳುವುದು ಸಿಗ್ನಲ್ ಬಳಿ ನಿಂತ ಪೇದೆಯ ವಾಕಿಟಾಕಿಯಿಂದ ಮಾತ್ರ. ಕ್ರೈಂ ವರದಿಗಾರರು ಠಾಣೆ, ಆಸ್ಪತ್ರೆ ಮತ್ತು ಪರಿಚಯದ ಅಧಿಕಾರಿಗಳನ್ನೇ ನೆಚ್ಚಬೇಕು.

ನಮ್ಮಲ್ಲಿ ಪಾರದರ್ಶಕತೆಯ ಹಾದಿ ಘಟನೆ ನಡೆದ ಮೇಲೆ ತೆರೆಯುತ್ತದೆ. 2016ರ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಆದೇಶಿಸಿತು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದಾಖಲೆ ಕೇಳಬಹುದು, ತನಿಖೆಗೆ ಅಡ್ಡಿಯಾಗುವಂಥದ್ದನ್ನು ಇಲಾಖೆ ನಿರಾಕರಿಸಬಹುದು. ನೇರಪ್ರಸಾರದ ಅಪಾಯವನ್ನೂ ಭಾರತ ಕಂಡಿದೆ. 2008ರ ನವೆಂಬರಿನ ಮುಂಬೈ ದಾಳಿಯಲ್ಲಿ ಉಗ್ರರ ಸೂತ್ರಧಾರರು ಟಿವಿಯಲ್ಲಿ ಕಮಾಂಡೋಗಳ ಚಲನೆ ನೋಡಿ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. ಈ ನೇರಪ್ರಸಾರವನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆಯ ನೇರಪ್ರಸಾರವನ್ನು ನಿಷೇಧಿಸುವ ಕೇಬಲ್ ಟಿವಿ ನಿಯಮ 2015ರಲ್ಲಿ ಬಂದಿತು. ಆ ನಿಯಮ ಸುದ್ದಿವಾಹಿನಿಗಳ ಬಾಯಿ ಮುಚ್ಚಿಸಲಿಲ್ಲ. ಅಪಾಯದ ಹೊತ್ತಿಗೆ, ಅಪಾಯದ ವಿವರಕ್ಕೆ ಮಾತ್ರ ಅದು ತಡೆ ಹಾಕಿತು ಎಂಬುದು ಇಲ್ಲಿ ಗಮನಾರ್ಹ.

ನಡುದಾರಿಗಳು

ಇಲ್ಲಿಯವರೆಗಿನ ಅನುಭವದಿಂದ ನಾಲ್ಕು ಮಾದರಿಗಳು ಹೊಮ್ಮಿವೆ. ಗಸ್ತಿನ ದೈನಂದಿನ ವಾಹಿನಿಯನ್ನು ತೆರೆದಿಟ್ಟು, ವಿಶೇಷ ಪಡೆ ಮತ್ತು ಗುಪ್ತ ತನಿಖೆಯ ವಾಹಿನಿಗಳನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುವುದು ಹಳೆಯ ಮತ್ತು ವ್ಯಾಪಕ ಪದ್ಧತಿ. ಗುರುತಿನ ವಿವರವನ್ನು ಬೇರೆ ದಾರಿಯಿಂದ ಕಳಿಸುವುದು ಪಾಲೋ ಆಲ್ಟೋದ ಪದ್ಧತಿ. ಮಾಧ್ಯಮಕ್ಕೆ ಮಾತ್ರ ಸೆಟ್ಟು ಕೊಡುವುದು ಮೂರನೆಯದು. ಇದರಲ್ಲಿ ಯಾರು ಪತ್ರಕರ್ತರೆಂದು ಪೊಲೀಸರೇ ನಿರ್ಧರಿಸುವ ತೊಡಕು ಇದೆ. ತಡವಾಗಿ ಬಿತ್ತರಿಸುವುದು ನಾಲ್ಕನೆಯದು. ಅದು ದಾಖಲೆಗೆ ಉಪಯುಕ್ತ, ಕಾಳ್ಗಿಚ್ಚು ಅಥವಾ ಗುಂಡಿನ ದಾಳಿಯ ನಡುವೆ ಸಿಕ್ಕಿಕೊಂಡವರಿಗೆ ನಿರುಪಯುಕ್ತ.

ಇವುಗಳಲ್ಲಿ ಮೊದಲೆರಡು ಮಾದರಿಗಳೇ ಹೆಚ್ಚು ನ್ಯಾಯಸಮ್ಮತ. ರಹಸ್ಯದ ಅಗತ್ಯವಿರುವುದು ಕೆಲವು ಮಾತುಗಳಿಗೆ. ಸಂತ್ರಸ್ತೆಯ ವಿಳಾಸ, ಲೈಸೆನ್ಸಿನ ಸಂಖ್ಯೆ, ಕಾರ್ಯಾಚರಣೆಯಲ್ಲಿರುವ ತಂಡದ ನೆಲೆ ಇವು ಗುಟ್ಟಾಗಿಯೇ ಇರಬೇಕು. ಯಾವ ಬೀದಿಗೆ ಯಾಕಾಗಿ ಪೊಲೀಸರು ಹೋದರು, ಎಷ್ಟು ಹೊತ್ತಿಗೆ ತಲುಪಿದರು ಎಂಬುದು ಆ ಬೀದಿಯ ಜನರಿಗೂ ಸೇರಿದ ಸಂಗತಿ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಈ ಗೆರೆಯನ್ನು ಎಳೆದದ್ದು ಶಾಸನವಲ್ಲ, ಹೊಸ ಉಪಕರಣದ ಖರೀದಿ. ಸೆಟ್ಟು ಬದಲಾಗುವಾಗ ಎನ್‌ಕ್ರಿಪ್ಷನ್ ಅದರೊಂದಿಗೇ ಬಂದಿತು, ಊರಿನವರಿಗೆ ತಿಳಿದದ್ದು ಸ್ಕ್ಯಾನರ್ ಸುಮ್ಮನಾದ ಮೇಲೆ. ಕೊಲರಾಡೋ ಕಾನೂನಿನ ಮತ್ತು ಪಾಲೋ ಆಲ್ಟೋ ಮರುಚಿಂತನೆಯ ಬೆಲೆ ಇರುವುದು ಇಲ್ಲಿ. ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು, ಮುಚ್ಚಿದ್ದರ ಧ್ವನಿಮುದ್ರಣವನ್ನು ಎಷ್ಟು ಕಾಲ ಇಟ್ಟು ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗಳನ್ನು ಖರೀದಿಗೆ ಮುಂಚೆ, ಜನಪ್ರತಿನಿಧಿಗಳ ಸಭೆಯಲ್ಲಿ, ಜನರ ಮುಂದೆ ತೀರ್ಮಾನಿಸಬೇಕು.